ಹೊಸ ಮರಿ ಬರಲಿ, ಹಳೆಯದರ ಜಾಗ ಹೋಗದಿರಲಿ

ಮಗಳ ಹುಟ್ಟುಹಬ್ಬಕ್ಕೋ ದೀಪಾವಳಿಗೋ ಮನೆಯವರು ರಟ್ಟಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ಅಂಗೈಯಗಲದ ಟೆರಿಯರ್ ಮರಿ. ಮಕ್ಕಳಿಗೆ ಕುಣಿತವೇ ಕುಣಿತ. ಅಷ್ಟರಲ್ಲಿ ಏಳೆಂಟು ವರ್ಷದಿಂದ ಮನೆ ಕಾದ ಮೋತಿಯೋ ರಾಜಾನೋ ಹಿತ್ತಲಿಂದ ಓಡಿ ಬಂದು, ಡಬ್ಬಿ ಮೂಸಿ, ಮೈ ಬಿಗಿ ಹಿಡಿದು ನಿಲ್ಲುತ್ತದೆ. ಆಗ ಎಲ್ಲರೂ ನೋಡುವುದು ಯಾರ ಮುಖ? ನಿಮ್ಮದೇ ಅಲ್ವೇ ಸಖಿಯರೇ!

ನಮ್ಮ ನಿಪ್ಪಾಣಿಯಂಥ ಊರಲ್ಲೂ ಈಗ ಕೊಲ್ಹಾಪುರದಿಂದಲೋ ಬೆಳಗಾವಿಯಿಂದಲೋ ಸಣ್ಣ ಜಾತಿಯ ಮರಿ ತರುವವರಿದ್ದಾರೆ. ತರುವವರು ಯಾರೋ, ಸಂಭಾಳಿಸುವವರು ನಾವು. ನೆಲ ಒರೆಸುವುದು, ಹೊತ್ತಿಗೆ ಉಣ್ಣಿಸುವುದು, ರಾತ್ರಿ ಕುಂಯ್‌ಗುಟ್ಟಿದರೆ ಎದ್ದು ನೋಡುವುದು ಎಲ್ಲವೂ ಕಡೆಗೆ ನಮ್ಮ ಪಾಲಿಗೇ. ಅದಕ್ಕೇ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಾಕೆ ಮನಸಾರೆ ಒಪ್ಪದೆ ಎರಡನೇ ನಾಯಿ ಬರಬಾರದು. ಬಂದ ಮೇಲೆ ಮೊದಲನೆಯದರ ಜಾಗ ಕಸಿದು ಎರಡನೆಯದಕ್ಕೆ ಕೊಡಬಾರದು.

ಸಣ್ಣದು ಅಂತ ಸದರ ಬೇಡ

ಟೆರಿಯರ್ ಎಂಬ ಹೆಸರಿನ ಮೂಲ ಲ್ಯಾಟಿನ್‌ನ ‘ಟೆರ್ರಾ’, ಅಂದರೆ ಮಣ್ಣು. ಬಿಲದೊಳಗೆ ನುಗ್ಗಿ ಇಲಿ, ನರಿಗಳನ್ನು ಹಿಡಿಯಲೆಂದೇ ಬೆಳೆಸಿದ ಜಾತಿಗಳಿವು. ಮುದ್ದು ಗೊಂಬೆಯಂತೆ ಕಾಣುವ ಯಾರ್ಕ್‌ಶೈರ್ ಟೆರಿಯರ್ ಕೂಡ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಇಲಿ ಹಿಡಿಯುತ್ತಿತ್ತು! ದೊಡ್ಡದಾದರೂ ಅದರ ತೂಕ ಮೂರು ಕಿಲೋ ಆಸುಪಾಸು. ಜಾಕ್ ರಸೆಲ್ ಟೆರಿಯರ್ ಐದಾರು ಕಿಲೋ. ಮೈ ಚಿಕ್ಕದು, ಧೈರ್ಯ ದೊಡ್ಡದು. ನೆಲ ಕೆದರುವುದು, ಬೊಗಳುವುದು, ತನಗಿಂತ ಹತ್ತು ಪಟ್ಟು ದೊಡ್ಡ ನಾಯಿಯ ಮೂತಿಗೇ ಹಾರುವುದು ಅದರ ರಕ್ತದಲ್ಲೇ ಬಂದದ್ದು.

ಇನ್ನು ಮೊದಲ ನಾಯಿ ಎಂಥದು? ನಮ್ಮ ಕಡೆ ಮುಧೋಳ ನಾಯಿ ಸಾಕಿದ ಮನೆಗಳುಂಟು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಮ್ಮ ಹೆಮ್ಮೆಯ ತಳಿ ಅದು. ಆದರೆ ಮೊಲ ಕಂಡರೆ ಬೆನ್ನಟ್ಟುವ ಬೇಟೆ ನಾಯಿ ಎಂಬುದನ್ನು ಮರೆಯಬೇಡಿ. ಅದರ ಕಣ್ಣೆದುರು ಅಂಗೈಯಷ್ಟು ಮರಿ ಪುಟುಪುಟು ಓಡಿದರೆ ಬೆನ್ನಟ್ಟುವ ಹುಕಿ ಬರಬಹುದು. ಕೆಟ್ಟ ನಾಯಿ ಅಂತಲ್ಲ, ಹುಟ್ಟುಗುಣ. ಬೀದಿಯಿಂದ ತಂದು ಸಾಕಿದ ನಾಟಿ ನಾಯಿಯಾದರೂ ಆಟದಲ್ಲಿ ಒಮ್ಮೆ ಕಾಲೂರಿದರೆ ಸಾಕು, ಮರಿಯ ಎಲುಬು ಮುರಿದೀತು.

ತರುವ ಮೊದಲು

ಎರಡು ತಿಂಗಳು ತುಂಬದ ಮರಿ ಕೊಳ್ಳಲೇಬೇಡಿ. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಅದನ್ನು ಮಾರುವುದೇ ತಪ್ಪು. ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಬೆಳೆದಾಗಲೇ ಮರಿ ಕಚ್ಚಿದರೆ ಎಷ್ಟು ನೋವಾಗುತ್ತದೆ, ಎಲ್ಲಿಗೆ ನಿಲ್ಲಿಸಬೇಕು ಎಂದು ಕಲಿಯುವುದು. ಬೇಗ ಬಿಡಿಸಿ ತಂದ ಮರಿಗೆ ಈ ಪಾಠವೇ ಆಗಿರುವುದಿಲ್ಲ.

ಮನೆಯ ನಾಯಿಯನ್ನು ದನದ ದವಾಖಾನೆಗೆ ಕರೆದೊಯ್ದು ಲಸಿಕೆ, ಜಂತುಹುಳದ ಔಷಧಿ ಎಲ್ಲ ಸರಿಯಾಗಿದೆಯೇ ನೋಡಿಸಿ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಶುರುವಾಗುತ್ತದೆ, ಮೂರ್ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ಮುಂದುವರಿಯುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ‘ಪಾರ್ವೊ’ ಎಂಬ ಮಾರಿ ಮರಿಗಳಿಗೆ ವಾಂತಿ, ರಕ್ತಭೇದಿ ತಂದು ಎರಡು ಮೂರು ದಿನದಲ್ಲೇ ಜೀವ ತೆಗೆಯಬಲ್ಲದು. ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಮ್ಮ ಚಪ್ಪಲಿಗೆ ಅಂಟಿಯೂ ಮನೆಗೆ ಬರುತ್ತದೆ. ಲಸಿಕೆ ಮುಗಿಯುವ ತನಕ ಮರಿಯನ್ನು ಬೀದಿಯಲ್ಲಿ ನೆಲಕ್ಕೆ ಬಿಡಬೇಡಿ, ಚಪ್ಪಲಿ ಹೊರಗೇ ಇರಲಿ.

ಒಂದು ಗಂಡು ಒಂದು ಹೆಣ್ಣಾದರೆ ಹೊಂದಾಣಿಕೆ ಕೊಂಚ ಸುಲಭ. ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ದೊಡ್ಡ ಗಂಡಿನಿಂದ ಪುಟ್ಟ ಹೆಣ್ಣು ಗಬ್ಬವಾದರೆ ಹೆರಿಗೆಯಲ್ಲಿ ಅದರ ಜೀವಕ್ಕೇ ಕುತ್ತು.

ಮೊದಲ ಭೇಟಿ ಹೀಗಿರಲಿ

ಮರಿ ತರುವ ಒಂದೆರಡು ದಿನ ಮೊದಲೇ ಅದು ಮಲಗಿದ ಬಟ್ಟೆಯೊಂದನ್ನು ತರಿಸಿ ಹಳೆ ನಾಯಿಗೆ ಮೂಸಲು ಕೊಡಿ. ನಾಯಿಗೆ ಪರಿಚಯವಾಗುವುದು ಮೂಗಿನಿಂದಲೇ. ಭೇಟಿ ಮಾಡಿಸುವುದು ಮನೆಯ ಹೊಸ್ತಿಲಲ್ಲಿ ಬೇಡ, ಅದು ಹಳೆಯದರ ಸಾಮ್ರಾಜ್ಯ. ಹಳೆ ನಾಯಿ ಹೆಚ್ಚಾಗಿ ಹೋಗದ ತಾರಸಿಯೋ, ನಾಯಿ ಓಡಾಡದ ನೆರೆಮನೆಯ ಅಂಗಳವೋ ಆದೀತು. ದೊಡ್ಡದನ್ನು ಒಬ್ಬರು, ಮರಿಯನ್ನು ಇನ್ನೊಬ್ಬರು ಹಿಡಿದಿರಲಿ. ಹಗ್ಗ ಜಗ್ಗಬೇಡಿ, ಸಡಿಲವಿರಲಿ. ಬಿಗಿದ ಹಗ್ಗ ನಾಯಿಗೆ ‘ಏನೋ ಅಪಾಯ’ ಎಂದು ಹೇಳಿದ ಹಾಗೆ. ಮರಿಯನ್ನು ಕೈಯಲ್ಲಿ ಎತ್ತಿ ಅದರ ಮೂತಿಗೆ ಹಿಡಿಯಬೇಡಿ. ನೆಲದ ಮೇಲಿದ್ದು ಒಂದನ್ನೊಂದು ಮೂಸಲಿ. ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ.

ಮುಂಗಾಲು ಚಾಚಿ, ಹಿಂಭಾಗ ಮೇಲೆತ್ತಿ ಬಾಗಿದರೆ ಅದು ಆಟಕ್ಕೆ ಕರೆ, ಖುಷಿಪಡಿ. ಮೈ ಸೆಟೆದು, ಬೆನ್ನ ಕೂದಲು ನಿಮಿರಿ, ರೆಪ್ಪೆ ಬಡಿಯದೆ ದಿಟ್ಟಿಸಿದರೆ ಮೆಲ್ಲಗೆ ಹೆಸರು ಕರೆದು ದೂರ ಒಯ್ಯಿರಿ. ಗುರ್ ಅಂದಿತೆಂದು ಮಾತ್ರ ಹೊಡೆಯಬೇಡಿ. ‘ಸಾಕು, ದೂರ ಹೋಗು’ ಎನ್ನಲು ಅದಕ್ಕಿರುವ ಮಾತು ಅದೊಂದೇ. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಮುಂದೆ ಎಚ್ಚರಿಕೆಯನ್ನೇ ಕೊಡದೆ ಕಚ್ಚುವುದನ್ನು ಕಲಿಯುತ್ತದೆ.

ಯಾರ ಜಾಗ ಯಾರಿಗೆ?

ನಮ್ಮ ಓಣಿಯ ವೈನಿಯೊಬ್ಬರ ಮನೆಯಲ್ಲಿ ಎಂಟು ವರ್ಷದ ಮೋತಿ ಮರಿ ಬಂದ ವಾರದಲ್ಲೇ ರೊಟ್ಟಿ ಮುಟ್ಟುವುದನ್ನು ಬಿಟ್ಟಿತು. ‘ಯಾಕ್ರೀ ವೈನಿ, ಮೋತೀನ ಹಿತ್ತಲದಾಗ ಕಟ್ಟೀರಲ್ಲ?’ ಅಂದರೆ, ‘ಏನ್ ಮಾಡೂದ್ರಿ, ಸಣ್ಣ ಮರಿ ನೋಡಿ ಗುರ್ ಅಂತೈತಿ’ ಅಂದರು. ಡಾಕ್ಟರ್ ಪರೀಕ್ಷೆ ಮಾಡಿ, ರೋಗ ಏನೂ ಇಲ್ಲ, ಅದರ ಜಾಗ ಅದಕ್ಕೆ ಕೊಡಿ ಎಂದರಂತೆ. ಮೋತಿಯ ಗೋಣಿಚೀಲ ಮತ್ತೆ ಬಾಗಿಲ ಬಳಿಗೆ ಬಂತು, ಮರಿಗೆ ಒಳಗೆ ಮೂಲೆಯಲ್ಲಿ ಬೇಲಿ ಹಾಕಿದರು. ನಾಲ್ಕು ದಿನಕ್ಕೆ ಮೋತಿ ತಾಟಿಗೆ ಬಾಯಿ ಹಾಕಿತು. ಎರಡನೇ ಕೂಸು ಹುಟ್ಟಿದಾಗ ದೊಡ್ಡ ಮಗು ಸೆರಗು ಬಿಡದೆ ಅಳುವುದಿಲ್ಲವೇ? ಇದೂ ಹಾಗೇ.

ಆದ್ದರಿಂದ ಊಟ, ವಾಕಿಂಗ್, ಮುದ್ದು ಎಲ್ಲವೂ ಮೊದಲು ಹಿರಿಯದಕ್ಕೆ. ಇಬ್ಬರ ತಟ್ಟೆಯೂ ಬೇರೆ ಬೇರೆ ಕೋಣೆಯಲ್ಲಿರಲಿ. ಹಿರಿಯದರ ಎಲುಬು, ಆಟಿಕೆಗಳನ್ನು ಎತ್ತಿಡಿ, ಜಗಳದ ಬೇರು ಅಲ್ಲೇ. ದಿನಕ್ಕೊಂದು ಹತ್ತು ನಿಮಿಷ ಹಿರಿಯದರ ಜೊತೆ ನೀವೊಬ್ಬರೇ ಇರಿ. ಮಾರುಕಟ್ಟೆಗೆ ಹೊರಟರೆ ಎರಡನ್ನೂ ಬೇರೆ ಬೇರೆ ಇಟ್ಟೇ ಬೀಗ ಹಾಕಿ. ಪೂರ್ತಿ ಹೊಂದಿಕೊಳ್ಳಲು ಎರಡು ವಾರವೂ ಬೇಕಾದೀತು, ಎರಡು ತಿಂಗಳೂ ಬೇಕಾದೀತು.

ಪುಟ್ಟ ಜಾತಿಯ ಮರಿಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಉಣ್ಣಿಸಬೇಕು. ಬಹಳ ಹೊತ್ತು ಹಸಿದರೆ ರಕ್ತದ ಸಕ್ಕರೆ ಇಳಿದು ತೂರಾಡುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಮನೂಕ, ಚಾಕೊಲೇಟ್ ಎರಡಕ್ಕೂ ವಿಷ. ನಮ್ಮ ಊರಿನವರಿಗೆ ಇನ್ನೊಂದು ಮಾತು: ಬೀಡಿ ಕಟ್ಟುವ ಮನೆಗಳಲ್ಲಿ ಮೊರದ ತುಂಬ ತಂಬಾಕಿನ ಪುಡಿ ಇರುತ್ತದೆ. ಕೆದರುವ ಚಟದ ಮರಿ ಅದಕ್ಕೆ ಬಾಯಿ ಹಾಕಿದರೆ ನಿಕೋಟಿನ್ ವಿಷವೇರುತ್ತದೆ. ಜೊಲ್ಲು, ವಾಂತಿ, ನಡುಕ ಕಂಡರೆ ಮನೆಮದ್ದು ಮಾಡುತ್ತ ಕೂಡದೆ ತಕ್ಷಣ ಡಾಕ್ಟರ್ ಬಳಿ ಓಡಿ. ಮೊರ ಯಾವಾಗಲೂ ಎತ್ತರದಲ್ಲಿರಲಿ.

ಜಗಳ ಹತ್ತಿದರೆ?

ನಡುವೆ ಕೈ ಹಾಕಬೇಡಿ, ಮಕ್ಕಳನ್ನು ಬಿಡಲೇಬೇಡಿ. ಒಂದು ತಂಬಿಗೆ ನೀರು ಎರಚಿ, ಇಲ್ಲವೇ ದಪ್ಪ ಚಾದರ ಎಸೆದು ಬೇರ್ಪಡಿಸಿ. ಯಾರಿಗಾದರೂ ಹಲ್ಲು ತಾಕಿದರೆ ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅರಿಶಿನ, ಸುಣ್ಣ ಹಚ್ಚದೆ, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ‘ನಮ್ಮ ಮನೆಯದೇ ನಾಯಿ, ಏನಾಗುತ್ತೆ’ ಎನ್ನುವಂತಿಲ್ಲ. ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕುವ ಆಸೆ ಇಲ್ಲವೆಂದೇ ತಿಳಿಯಿರಿ.

ಎಷ್ಟೇ ಮಾಡಿದರೂ ಹೊಂದದ ಜೋಡಿಗಳು ಇರುತ್ತವೆ. ಆಗ ಕಾಳಜಿಯಿಂದ ಸಾಕುವ ಬೇರೆ ಮನೆಯನ್ನು ಮರಿಗೆ ಹುಡುಕಿ ಕೊಡುವುದರಲ್ಲಿ ನಾಚಿಕೆ ಏನಿಲ್ಲ. ಆದರೆ ಮುದಿಯಾಯಿತೆಂದು ಹಳೆಯದನ್ನು ಹೆದ್ದಾರಿಯ ಬದಿಗೆ ಬಿಟ್ಟು ಬರುವುದಿದೆಯಲ್ಲ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಅದು ಅಪರಾಧ, ನಮ್ಮ ಮನಸ್ಸಾಕ್ಷಿಯಲ್ಲೂ ಅಪರಾಧ. ಮಕ್ಕಳು ನೋಡುತ್ತಿರುತ್ತಾರೆ. ಹೊಸದು ಬಂದಾಗ ಹಳೆಯದನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಅವರು ಕಲಿಯುವುದು ನಮ್ಮ ಅಂಗಳದಲ್ಲೇ.

ಆದ್ದರಿಂದ ಮುಂದಿನ ಸಲ ಮನೆಯಲ್ಲಿ ‘ಒಂದು ಮರಿ ತರೋಣ’ ಎಂಬ ಮಾತು ಬಂದರೆ ಕೂಡಲೇ ಹೂಂ ಎನ್ನಬೇಡಿ, ಕೂಡಲೇ ಬೇಡವೆಂದೂ ಎನ್ನಬೇಡಿ. ಬೆಳಿಗ್ಗೆ ಯಾರು ಹೊರಗೆ ಒಯ್ಯುತ್ತೀರಿ, ಲಸಿಕೆಗೆ ಯಾರು ಕರೆದೊಯ್ಯುತ್ತೀರಿ ಎಂದು ಎಲ್ಲರನ್ನೂ ಕೂಡಿಸಿ ಕೇಳಿ. ಕೆಲಸ ಹಂಚಿಕೊಂಡ ಮೇಲೇ ಮರಿ ಬರಲಿ. ಏನಂತೀರಿ?