ಅಕಲಂಕನನ್ನು ಓದಿದ ಕಾಳಾಮುಖರು: ಬಂಕಾಪುರ, ಬಳ್ಳಿಗಾವೆ ಮತ್ತು ಒಂದು ವ್ಯರ್ಥ ಸ್ಪರ್ಧೆ

ಶಿಗ್ಗಾಂವಿ, ಸವಣೂರು, ಹಾನಗಲ್ಲು ಭಾಗದ ಸ್ಥಳೀಯ ಇತಿಹಾಸದ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಸಿಗುತ್ತದೆ: ಬಂಕಾಪುರವು ಕರ್ನಾಟಕದ ನಾಲಂದಾ. ಹಿರೇಕೆರೂರಿನ ಗಡಿ ದಾಟಿ ಶಿಕಾರಿಪುರ ತಾಲ್ಲೂಕಿಗೆ ಹೋದರೆ ಅದೇ ಕಿರೀಟ ಬಳ್ಳಿಗಾವೆಯ ಕೋಡಿಯಮಠದ ತಲೆಯ ಮೇಲಿರುತ್ತದೆ. ಮೊದಲನೆಯದನ್ನು ಹೇಳುವವರು ಸಾಮಾನ್ಯವಾಗಿ ಜೈನ ವಿದ್ವಾಂಸರು, ಎರಡನೆಯದನ್ನು ಹೇಳುವವರು ಶೈವ ಪರಂಪರೆಯ ಅಭಿಮಾನಿಗಳು. ಎರಡೂ ಪಕ್ಷಗಳು ತಮ್ಮ ತಮ್ಮ ‘ವಿಶ್ವವಿದ್ಯಾಲಯ’ದ ಹಿರಿಮೆಯನ್ನು ಶಾಸನಗಳಿಂದ ಸಾಧಿಸುತ್ತವೆ, ಆದರೆ ಇನ್ನೊಂದು ಪಕ್ಷದ ಶಾಸನವನ್ನು ತೆರೆದು ನೋಡುವುದಿಲ್ಲ. ಈ ಸ್ಪರ್ಧೆಯು ನಿರರ್ಥಕವಾದುದು. ಅಷ್ಟೇ ಅಲ್ಲ, ಯಾವ ಪ್ರಾಚೀನರ ಹೆಸರಿನಲ್ಲಿ ಇದು ನಡೆಯುತ್ತಿದೆಯೋ ಅವರ ವಿದ್ಯಾಪದ್ಧತಿಗೇ ವಿರುದ್ಧವಾದುದು.

ಮೊದಲು ಬಂಕಾಪುರದ ಆಕರಗಳನ್ನು ಪರಿಶೀಲಿಸಬೇಕು. ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರಿನಿಂದ ಬೆಳೆದ ಈ ಪಟ್ಟಣದಲ್ಲಿ, ಅವನ ಮಗ ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820ರಲ್ಲಿ ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿ ತಿಳಿಸುತ್ತದೆ. ಆ ಪ್ರಶಸ್ತಿಯೊಡನೆ ಗುಣಭದ್ರರ ಶಿಷ್ಯ ಲೋಕಸೇನರ ಹೆಸರು ಸೇರಿದೆ. ಜಿನಸೇನರು ಆರಂಭಿಸಿದ ಮಹಾಪುರಾಣವು ಹೀಗೆ ಪೂರ್ಣರೂಪದಲ್ಲಿ ಲೋಕಕ್ಕೆ ಬಂದದ್ದು ಈ ನೆಲದಲ್ಲಿ. ಮುಂದೆ 974ರಲ್ಲಿ ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ ದೇಹತ್ಯಾಗ ಮಾಡಿದನೆಂಬುದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನದಿಂದ ಸ್ಪಷ್ಟ. ಅದೇ ಅಜಿತಸೇನರು ಚಾವುಂಡರಾಯನಿಗೂ ರನ್ನನಿಗೂ ಗುರುಗಳು.

ಇಷ್ಟು ದೊಡ್ಡ ಸಂಗತಿಗಳಿರುವಾಗ ಉತ್ಪ್ರೇಕ್ಷೆಯ ಅಗತ್ಯವೇ ಇಲ್ಲ. ಆದರೂ ‘ರನ್ನನು ಬಂಕಾಪುರ ವಿಶ್ವವಿದ್ಯಾಲಯದ ವಿದ್ಯಾರ್ಥಿ’ ಎಂಬ ವಾಕ್ಯವು ಪ್ರಬಂಧದಿಂದ ಪ್ರಬಂಧಕ್ಕೆ ನಕಲಾಗುತ್ತ ಬಂದಿದೆ. ಗುರುವಿನ ಹೆಸರನ್ನು ಆಧರಿಸಿ ಶಿಷ್ಯನ ಶಾಲೆಯ ವಿಳಾಸವನ್ನು ನಿರ್ಣಯಿಸುವುದು ಸಂಶೋಧನೆಯ ಮಾರ್ಗವಲ್ಲ. ಜೈನ ಮುನಿಗಳು ಚಾತುರ್ಮಾಸದ ಹೊರತು ಒಂದೆಡೆ ನೆಲೆ ನಿಲ್ಲದ ವಿಹಾರಿಗಳೆಂಬುದನ್ನು ಜೈನ ಲೇಖಕರಿಗೇ ನೆನಪಿಸಬೇಕಾಗಿ ಬಂದಿರುವುದು ವಿಷಾದಕರ. ಉತ್ತರಪುರಾಣದ ಪ್ರಶಸ್ತಿಯಲ್ಲಾಗಲಿ ಮಾರಸಿಂಹನ ಶಾಸನದಲ್ಲಾಗಲಿ ಪಠ್ಯಕ್ರಮದ ಪಟ್ಟಿಯಿಲ್ಲ, ವಿದ್ಯಾರ್ಥಿಗಳ ಸಂಖ್ಯೆಯಿಲ್ಲ. ಇರುವುದು ಒಂದು ಮಹಾಗ್ರಂಥ, ಒಬ್ಬ ಮಹಾಗುರು, ಗುರುವಿನ ಪಾದಮೂಲವನ್ನು ಅರಸಿ ಬಂದ ಒಬ್ಬ ಅರಸ.

ಪಠ್ಯಕ್ರಮದ ಪಟ್ಟಿ ಇರುವುದು ಎದುರುಪಕ್ಷದಲ್ಲಿ. ಕೋಡಿಯಮಠದ ಕೇದಾರೇಶ್ವರಕ್ಕೆ ಸಂಬಂಧಿಸಿದ 1162ರ ಶಾಸನವು ಕಳಚುರಿ ಬಿಜ್ಜಳನ ಕಾಲದ್ದು. ಕಾಳಾಮುಖ ಗುರು ವಾಮಶಕ್ತಿಯ ಆ ಮಠದಲ್ಲಿ ಸಾಂಗವಾಗಿ ನಾಲ್ಕು ವೇದಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ಅದು ಹೇಳುತ್ತದೆ. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದವು. ಅಲ್ಲಿ ಆಶ್ರಯ ಪಡೆಯುತ್ತಿದ್ದ ಸನ್ಯಾಸಿಗಳ ಸಾಲಿನಲ್ಲಿ ಕ್ಷಪಣಕರೂ, ಎಂದರೆ ದಿಗಂಬರ ಮುನಿಗಳೂ, ಇದ್ದಾರೆ.

ಈ ಪಟ್ಟಿಯಲ್ಲಿ ಕೋಡಿಯಮಠದ ಅಭಿಮಾನಿಗಳು ನಿಲ್ಲದೆ ದಾಟಿಹೋಗುವ ಒಂದು ಪದವಿದೆ. ವ್ಯಾಕರಣಗಳನ್ನು ಹೆಸರಿಸುವಾಗ ಶಾಸನವು ಕೌಮಾರ, ಪಾಣಿನೀಯಗಳೊಡನೆ ಶಾಕಟಾಯನವನ್ನೂ ಹೇಳುತ್ತದೆ. ಪ್ರಾಚೀನ ಶಾಕಟಾಯನನ ಗ್ರಂಥವು ಉಳಿದು ಬಂದಿಲ್ಲ. ಆ ಕಾಲದ ಕರ್ನಾಟಕದಲ್ಲಿ ಪಾಠಕ್ಕೆ ದೊರೆಯುತ್ತಿದ್ದ ಶಾಕಟಾಯನ ವ್ಯಾಕರಣವು ಯಾಪನೀಯ ಮುನಿ ಪಾಲ್ಯಕೀರ್ತಿಯದು. ಅದರ ವೃತ್ತಿಗೆ ಅಮೋಘವೃತ್ತಿ ಎಂಬ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷನಿಂದ. ಬಂಕೇಯನ ಒಡೆಯನ ಆಶ್ರಯದಲ್ಲಿ ಜೈನ ಮುನಿಯೊಬ್ಬನು ರಚಿಸಿದ ವ್ಯಾಕರಣವನ್ನು ಸುಮಾರು ಮುನ್ನೂರು ವರ್ಷಗಳ ಬಳಿಕ ಕಾಳಾಮುಖ ಮಠವು ತನ್ನ ಹೆಮ್ಮೆಯ ಪಠ್ಯಗಳಲ್ಲಿ ಎಣಿಸುತ್ತದೆ. ಅತ್ತ ಕೌಮಾರವೆಂಬ ಕಾತಂತ್ರ ವ್ಯಾಕರಣವನ್ನು ಜೈನರು ಕಲಿತು, ಟೀಕೆ ಬರೆದು, ತಮ್ಮ ಶಿಷ್ಯರಿಗೆ ಕಲಿಸಿದರು. ಪದಸಾಧನೆಯ ಕಟ್ಟೆಯ ಮೇಲೆ ಮತದ ಗೆರೆ ಎಳೆದಿರಲಿಲ್ಲ.

ಹಾಗಾದರೆ ಅವರಲ್ಲಿ ಸ್ಪರ್ಧೆ ಇರಲಿಲ್ಲವೇ? ಇತ್ತು, ಅದೂ ತೀಕ್ಷ್ಣವಾಗಿತ್ತು. ಚಾಲುಕ್ಯ ಜಯಸಿಂಹನ ಕಾಲದ 1036ರ ಬಳ್ಳಿಗಾವೆಯ ಶಾಸನವು ಪಂಚಲಿಂಗ ದೇವಾಲಯದ ಲಾಕುಳೇಶ್ವರ ಪಂಡಿತನನ್ನು ಹೊಗಳುವಾಗ ಬೌದ್ಧ, ಮೀಮಾಂಸಕ, ಲೋಕಾಯತ, ಸಾಂಖ್ಯರೆಲ್ಲರನ್ನೂ ಅವನ ಕಾಲಡಿಗೆ ತರುತ್ತದೆ. ಅನಂತರ ಜೈನರ ಸರದಿ. ಅಕಲಂಕನನ್ನು ಅವನು ಸುಟ್ಟುಹಾಕಿದನಂತೆ, ವಾದೀಭಸಿಂಹನನ್ನು ಅಡಗಿಸಿದನಂತೆ, ವಾದಿರಾಜನ ಬಾಯನ್ನು ಮುಚ್ಚಿಸಿದನಂತೆ. ಶೈವಪಕ್ಷದ ಲೇಖಕರು ಇದನ್ನು ಜೈನರ ಸೋಲಿನ ದಾಖಲೆಯೆಂದು ಉದ್ಧರಿಸುತ್ತಾರೆ. ಜೈನಪಕ್ಷದವರು ಕಟ್ಟುಕಥೆಯೆಂದು ತಳ್ಳಿಹಾಕುತ್ತಾರೆ. ಇಬ್ಬರೂ ಒಂದು ಸರಳ ಲೆಕ್ಕವನ್ನು ಮಾಡಿಲ್ಲ. ಅಕಲಂಕನನ್ನು ವಿದ್ವಾಂಸರು ಸಾಮಾನ್ಯವಾಗಿ ಎಂಟನೆಯ ಶತಮಾನದಲ್ಲಿ ಇರಿಸುತ್ತಾರೆ. ಲಾಕುಳೇಶ್ವರನು ಹುಟ್ಟುವುದಕ್ಕೆ ಇನ್ನೂರು ವರ್ಷಗಳಿಗೂ ಮೊದಲೇ ಅಕಲಂಕನು ಕಾಲವಾಗಿದ್ದಾನೆ.

ಅಷ್ಟು ಹಿಂದೆ ಸತ್ತವನನ್ನು ವಾದದಲ್ಲಿ ಗೆಲ್ಲುವುದು ಹೇಗೆ? ಅವನ ಗ್ರಂಥಗಳನ್ನು ಓದಿ, ಅವುಗಳ ಪ್ರಮಾಣವ್ಯವಸ್ಥೆಯನ್ನು ಬಿಡಿಸಿ, ಅದಕ್ಕೆ ಉತ್ತರ ಕೊಡುವುದೊಂದೇ ದಾರಿ. ಎಂದರೆ ಈ ಬಿರುದಿಗೆ ಏನಾದರೂ ಅರ್ಥವಿದ್ದರೆ, ಬಳ್ಳಿಗಾವೆಯ ಕಾಳಾಮುಖ ಮಠದಲ್ಲಿ ಅಕಲಂಕನ ನ್ಯಾಯವು ಪರಿಚಿತವಾಗಿತ್ತೆಂಬುದೇ ಆ ಅರ್ಥ. ಸೋಲಿನ ದಾಖಲೆಯೆಂದು ಉದ್ಧೃತವಾಗುವ ಸಾಲು ವಾಸ್ತವವಾಗಿ ಓದಿನ ದಾಖಲೆ. ವಾದಿರಾಜನ ಹೆಸರು ಇದನ್ನು ಇನ್ನಷ್ಟು ಬಲಪಡಿಸುತ್ತದೆ. ಅವನು ಶಕ 947ರಲ್ಲಿ, ಇದೇ ಜಯಸಿಂಹನ ಆಳ್ವಿಕೆಯಲ್ಲಿ, ಪಾರ್ಶ್ವನಾಥಚರಿತವನ್ನು ಮುಗಿಸಿದವನು. ಅಕಲಂಕನ ನ್ಯಾಯವಿನಿಶ್ಚಯಕ್ಕೆ ವಿವರಣ ಬರೆದವನು. ಮೂಲಕಾರನೂ ವ್ಯಾಖ್ಯಾನಕಾರನೂ ಒಂದೇ ಪ್ರಶಸ್ತಿಯಲ್ಲಿ ಎದುರಾಳಿಗಳಾಗಿ ಹೆಸರಿಸಲ್ಪಟ್ಟಿದ್ದಾರೆ. ಒಬ್ಬ ಅರಸನ ರಾಜ್ಯದಲ್ಲಿ ಎರಡು ಪರಂಪರೆಗಳೂ ಮನ್ನಣೆ ಪಡೆದವು, ಪರಸ್ಪರರನ್ನು ಓದಿದವು, ಪರಸ್ಪರರ ಮೇಲೆ ಗೆಲುವನ್ನು ಘೋಷಿಸಿಕೊಂಡವು.

ಈ ಘೋಷಣೆಯಲ್ಲಿ ಜೈನರು ಹಿಂದೆ ಬಿದ್ದವರಲ್ಲ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯನ್ನು ನೋಡಬಹುದು. ಸಮಂತಭದ್ರನು ಪಾಟಲಿಪುತ್ರದಿಂದ ಕಂಚಿಯವರೆಗೆ ವಾದದ ಭೇರಿ ಬಾರಿಸುತ್ತ ಸಾಗುತ್ತಾನೆ. ಅಕಲಂಕನು ಸಾಹಸತುಂಗನ ಸಭೆಯಲ್ಲಿ ಬೌದ್ಧರನ್ನು ಗೆದ್ದ ಹೆಮ್ಮೆಯನ್ನು ಆಡಿಕೊಳ್ಳುತ್ತಾನೆ. ವಾದಿರಾಜನ ಎದುರಿನಲ್ಲಿ ಪ್ರತಿವಾದಿಗಳು ಉಳಿಯುವುದಿಲ್ಲ. ಬಳ್ಳಿಗಾವೆಯ ಶಾಸನದ ಅಲಂಕಾರಗಳೂ ಬೆಳಗೊಳದ ಶಾಸನದ ಅಲಂಕಾರಗಳೂ ಒಂದೇ ಟಂಕಸಾಲೆಯ ನಾಣ್ಯಗಳು. ಒಂದನ್ನು ಇತಿಹಾಸವೆಂದು ಒಪ್ಪಿ ಇನ್ನೊಂದನ್ನು ಜಂಭವೆಂದು ನಿರಾಕರಿಸುವವನು ಎರಡರ ಸಾಹಿತ್ಯಪ್ರಕಾರವನ್ನೂ ಅರಿಯದವನು.

ಈ ಜಂಭದ ಹಿಂದೆ ಕಠಿಣವಾದ ಒಂದು ಶಿಸ್ತು ಇತ್ತು. ಶಾಸ್ತ್ರಗ್ರಂಥದಲ್ಲಿ ಮೊದಲು ಪೂರ್ವಪಕ್ಷವನ್ನು ಸ್ಥಾಪಿಸಬೇಕು. ಎದುರಾಳಿಯು ತಾನೇ ಹೇಳಿದ್ದರೆ ಹೇಗೆ ಹೇಳುತ್ತಿದ್ದನೋ ಹಾಗೆ ಅದನ್ನು ಮಂಡಿಸಬೇಕು. ದುರ್ಬಲವಾದ ಪೂರ್ವಪಕ್ಷವನ್ನು ಕಟ್ಟಿ ಕೆಡವಿದವನಿಗೆ ವಿದ್ವತ್ಸಭೆಯಲ್ಲಿ ಮಾನವಿಲ್ಲ. ವಾದಿರಾಜನ ವಿವರಣದಲ್ಲಿ ಬೌದ್ಧ ಪ್ರಜ್ಞಾಕರಗುಪ್ತನ ಮಾತುಗಳು ಹೇರಳವಾಗಿ ಬರುವುದು ಈ ಕಾರಣದಿಂದ. ಕೋಡಿಯಮಠವು ತನ್ನ ಪಟ್ಟಿಯಲ್ಲಿ ಬೌದ್ಧ ದರ್ಶನವನ್ನು ಇಟ್ಟುಕೊಂಡದ್ದನ್ನೂ ಹೀಗೆಯೇ ತಿಳಿಯಬೇಕು. ಇದನ್ನು ‘ಸರ್ವಧರ್ಮ ಸಮನ್ವಯ’ವೆಂಬ ಇಂದಿನ ಸವಿಮಾತಿನಿಂದ ಕರೆಯುವುದು ಅವರ ಹೋರಾಟಕ್ಕೆ ಮಾಡುವ ಅಪಚಾರ. ಅವರು ಸಮನ್ವಯಕ್ಕಾಗಿ ಓದಲಿಲ್ಲ, ಗೆಲ್ಲುವುದಕ್ಕಾಗಿ ಓದಿದರು. ಆದರೆ ಓದಿದರು.

ಊರಿನ ವ್ಯವಹಾರದಲ್ಲಿಯೂ ಈ ಬಗೆಯ ಸಹಬಾಳ್ವೆಗೆ ಸಾಕ್ಷ್ಯವಿದೆ. ಕದಂಬ ಹರಿಕೇಸರಿದೇವನು 1055ರಲ್ಲಿ ಬಂಕಾಪುರದ ಬಸದಿಗೆ ಭೂಮಿ ಬಿಟ್ಟಾಗ ಆ ದಾನದಲ್ಲಿ ಪಟ್ಟಣದ ಐದು ಮಠಸ್ಥಾನಗಳೂ ನಗರದ ಮಹಾಜನರೂ ಪಾಲ್ಗೊಂಡಿದ್ದರು. ಬಳ್ಳಿಗಾವೆಯ ಹನ್ನೆರಡನೆಯ ಶತಮಾನದ ಶಾಸನವೊಂದು ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐವರ ಮಠಗಳನ್ನು ಊರಿನ ಶೋಭೆಯೆಂದು ಎಣಿಸುತ್ತದೆ. ಯಾವ ಊರನ್ನು ಜೈನರ ಸ್ವತ್ತೆಂದೂ ಯಾವುದನ್ನು ಶೈವರ ಸ್ವತ್ತೆಂದೂ ಇಂದು ಹಂಚಿಕೊಳ್ಳಲಾಗಿದೆಯೋ ಆ ಎರಡೂ ಊರುಗಳು ತಮ್ಮನ್ನು ಹಾಗೆ ತಿಳಿದಿರಲಿಲ್ಲ.

ಇಲ್ಲಿ ಜೈನ ಓದುಗರಿಂದ ಒಂದು ಆಕ್ಷೇಪ ಬರುವುದು ಸಹಜ; ಅದು ಗಂಭೀರವಾದ ಆಕ್ಷೇಪ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರನ್ನು ಮರೆಯುವುದು ಹೇಗೆ? ಅಲ್ಲಿಯ ಸೋಮೇಶ್ವರ ದೇವಾಲಯದ ಸುಮಾರು 1200ರ ಶಾಸನವು ಏಕಾಂತದ ರಾಮಯ್ಯನ ವೃತ್ತಾಂತವನ್ನು ವಿಸ್ತಾರವಾಗಿ ಹೇಳುತ್ತದೆ. ಜೈನರು ಪಣವನ್ನು ಓಲೆಯಲ್ಲಿ ಬರೆದುಕೊಟ್ಟರು, ರಾಮಯ್ಯನು ತಲೆಯನ್ನು ಅರಿದು ಶಿವನಿಗೆ ಅರ್ಪಿಸಿದನು, ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದನು, ಜಿನಬಿಂಬವನ್ನು ಕೆಡಹಿದನು. ದೂರು ಬಿಜ್ಜಳನವರೆಗೆ ಹೋಯಿತು. ರಾಮಯ್ಯನು ಪಣವನ್ನು ಮತ್ತೊಮ್ಮೆ ಒಡ್ಡಿದಾಗ ಜೈನರು ಹಿಂಜರಿದರು. ಅರಸನು ಅವನಿಗೆ ಜಯಪತ್ರ ಕೊಟ್ಟನು. ಮುಂದೆ ಹಾನಗಲ್ಲಿನ ಕದಂಬ ಕಾಮದೇವನೂ ಆ ದೇವಾಲಯಕ್ಕೆ ದತ್ತಿ ಬಿಟ್ಟನು. ಶಿಲ್ಪದಲ್ಲಿಯೂ ಈ ಕಥೆ ಕಡೆಯಲ್ಪಟ್ಟಿದೆ. ಪವಾಡವನ್ನು ನಂಬಲಿ ಬಿಡಲಿ, ಬಸದಿಯೊಂದು ನಾಶವಾಯಿತೆಂಬುದನ್ನೂ ಆ ನಾಶವು ಪುಣ್ಯವೆಂದು ಬಣ್ಣಿಸಲ್ಪಟ್ಟಿತೆಂಬುದನ್ನೂ ಅಲ್ಲಗಳೆಯಲಾಗದು. ಸೌಹಾರ್ದದ ಹೆಸರಿನಲ್ಲಿ ಅಬ್ಬಲೂರನ್ನು ಮುಚ್ಚಿಡುವುದು ಅಪ್ರಾಮಾಣಿಕತೆ.

ಆದರೆ ಅಬ್ಬಲೂರನ್ನು ಪೂರ್ತಿಯಾಗಿ ನೋಡಬೇಕು. ಅದೇ ಊರಿನಲ್ಲಿ ಬ್ರಹ್ಮೇಶ್ವರವೆಂಬ ಇನ್ನೊಂದು ಶಿವಾಲಯವಿದೆ. ಅದರ ಆಚಾರ್ಯರು ಕೋಡಿಯಮಠದವರದೇ ಆದ ಮೂವರಕೋಣೆಯ ಸಂತತಿಗೆ ಸೇರಿದ ಕಾಳಾಮುಖರು. ಒಂದು ಗ್ರಾಮದಲ್ಲಿ ಎರಡು ಶೈವ ದೇವಾಲಯಗಳು, ಎರಡು ಬಗೆಯ ವಿಜಯಕಲ್ಪನೆಗಳು. ಕಾಳಾಮುಖರ ವಿಜಯಕ್ಕೆ ಅಕಲಂಕನನ್ನು ಓದುವುದು ಅನಿವಾರ್ಯ. ರಾಮಯ್ಯನ ವಿಜಯಕ್ಕೆ ಎದುರಾಳಿಯ ಒಂದು ಸೂತ್ರವೂ ಬೇಕಾಗಿಲ್ಲ. ಪಣದ ಓಲೆಯೊಂದು ಸಾಕು. ಎರಡೂ ಕಡೆ ಅರಸನ ಹೆಸರು ಬಿಜ್ಜಳನೇ. ಶಾಕಟಾಯನವನ್ನು ಕಲಿಸುವ ಮಠಕ್ಕೆ ದತ್ತಿ ಬಿಟ್ಟವನೆಂದು ಬಳ್ಳಿಗಾವೆಯಲ್ಲಿ, ಪವಾಡಕ್ಕೆ ಜಯಪತ್ರ ಬರೆದವನೆಂದು ಅಬ್ಬಲೂರಿನಲ್ಲಿ ಅವನು ಚಿತ್ರಿತನಾಗಿದ್ದಾನೆ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಾಡಿನ ವಿದ್ಯಾಲೋಕದಲ್ಲಿ ಸಂಭವಿಸಿದ ಪಲ್ಲಟವನ್ನು ಜೈನ, ಶೈವ ಎಂಬ ವಿಭಾಗದಿಂದ ವಿವರಿಸಲು ಬರುವುದಿಲ್ಲ. ಓದಿ ಗೆಲ್ಲುವ ಸ್ಪರ್ಧೆಯ ಪಕ್ಕದಲ್ಲಿ ಓದದೆ ಗೆಲ್ಲುವ ಸ್ಪರ್ಧೆ ತಲೆಯೆತ್ತಿತು. ಬಸದಿಯನ್ನು ಕೆಡಹಿದ ಕಥೆ ಎರಡನೆಯದಕ್ಕೆ ಸೇರಿದುದು.

ಇಂದಿನ ನಾಲಂದಾ ಸ್ಪರ್ಧೆ ಇವೆರಡರಲ್ಲಿ ಯಾವುದರ ಸಂತತಿ? ಉತ್ತರ ನಿಚ್ಚಳವಾಗಿದೆ. ಜೈನ ಸಾಹಿತ್ಯದ ಮೇಲೆ ಪ್ರೌಢಪ್ರಬಂಧ ಬರೆಯುವವರು ಕಾಳಾಮುಖರನ್ನು ‘ಜೈನದ್ವೇಷಿಗಳು’ ಎಂಬ ಒಂದು ಪದದಲ್ಲಿ ಮುಗಿಸುತ್ತಾರೆ. ಶೈವ ಮಠಗಳ ಮೇಲೆ ಬರೆಯುವವರಿಗೆ ಪಾಲ್ಯಕೀರ್ತಿ ಯಾರೆಂಬುದೇ ತಿಳಿದಿರುವುದಿಲ್ಲ. ಸ್ನಾತಕೋತ್ತರ ತರಗತಿಯಲ್ಲಿ ರನ್ನನ ಪಾಠ ಒಂದು ಕಡೆ, ರಗಳೆಯ ಪಾಠ ಇನ್ನೊಂದು ಕಡೆ, ಶಾಸನದ ಪಾಠ ಮೂರನೆಯ ಕಡೆ. ಮೂರೂ ಒಂದೇ ನೆಲದ ಮಾತುಗಳೆಂಬುದು ಪ್ರಶ್ನಪತ್ರಿಕೆಯಲ್ಲಿ ಬಾರದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ‘ನಾಲಂದಾ’ ಎಂಬ ಎರವಲು ಬಿರುದನ್ನು ಹೊತ್ತ ಬಂಕಾಪುರಕ್ಕೆ ಅದರಿಂದ ಗೌರವ ಹೆಚ್ಚಿಲ್ಲ, ಬಳ್ಳಿಗಾವೆಗೂ ಇಲ್ಲ.

ಬಂಕಾಪುರದ ಹಿರಿಮೆಯನ್ನು ಹೇಳಬಯಸುವ ಜೈನ ಸಂಶೋಧಕನು ಮೊದಲು ಕೋಡಿಯಮಠದ 1162ರ ಶಾಸನವನ್ನು ಸಾಲುಸಾಲಾಗಿ ಓದಲಿ. ತನ್ನ ಪರಂಪರೆಯ ವ್ಯಾಕರಣಕ್ಕೆ ಅಲ್ಲಿ ದೊರೆತ ಗೌರವವನ್ನು ಕಾಣಲಿ. ಕೋಡಿಯಮಠವನ್ನು ಕೊಂಡಾಡುವವನು ಅಕಲಂಕನ ಒಂದು ಪ್ರಕರಣವನ್ನಾದರೂ ವಾದಿರಾಜನ ವಿವರಣದೊಡನೆ ಓದಲಿ. ಲಾಕುಳೇಶ್ವರ ಪಂಡಿತನಿಗೆ ಅಷ್ಟು ಅರ್ಹತೆ ಇತ್ತು. ಹಾವೇರಿ ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ಬಂಕಾಪುರ, ಅಬ್ಬಲೂರು, ಬಳ್ಳಿಗಾವೆಗಳ ಶಾಸನಗಳನ್ನು ಒಟ್ಟಿಗೆ ಇಟ್ಟು ಪಾಠ ಮಾಡಲಿ. ಮೂರು ಊರುಗಳೂ ಒಂದು ದಿನದ ಅಧ್ಯಯನಪ್ರವಾಸಕ್ಕೆ ಒದಗುವಷ್ಟು ಹತ್ತಿರದಲ್ಲಿವೆ. ಎದುರುಪಕ್ಷದ ಗ್ರಂಥವನ್ನು ತೆರೆಯದೆ ಬರೆದ ಸ್ತುತಿಗೂ ನಿಂದೆಗೂ ಆ ಮಠಗಳ ಸಭೆಯಲ್ಲಿ ಸ್ಥಾನವಿರಲಿಲ್ಲ. ಅವುಗಳ ಹೆಸರು ಹೇಳಿಕೊಂಡು ಬರೆಯುವವರಿಗೆ ಕನಿಷ್ಠ ಆ ನಿಯಮವಾದರೂ ಅನ್ವಯಿಸಬೇಕು.