ಮಿಲಿಗ್ರಾಂ ಲೆಕ್ಕ ಸಾಕು, ಕರಗಿದ ಲೆಕ್ಕ ಕೊಡಿ

ಹುಳುಕಡ್ಡಿಗೆ ಕ್ಯಾಪ್ಸೂಲ್ ನುಂಗುವವರಿಗೆ, ಬರೆದುಕೊಡುವವರಿಗೆ, ಮಾರುವವರಿಗೆ ಮತ್ತು ಔಷಧ ನಿಯಂತ್ರಣ ಇಲಾಖೆಗೆ



ತೊಡೆಸಂದಿಯ ಹುಳುಕಡ್ಡಿ ಹಟ ಹಿಡಿದರೆ ಚರ್ಮದ ಡಾಕ್ಟರು ಬರೆದುಕೊಡುವುದು ಇಟ್ರಾಕೊನಜೋಲ್ ಕ್ಯಾಪ್ಸೂಲ್. ಅವಧಿ ಮುಗಿದದ್ದು ಮನೆಯಲ್ಲಿದ್ದರೆ ಒಂದನ್ನು ಬಿಚ್ಚಿ ತಟ್ಟೆಗೆ ಸುರಿದು ನೋಡಿ. ಸಾಮಾನ್ಯವಾಗಿ ಅದರಲ್ಲಿ ಪುಡಿ ಇರುವುದಿಲ್ಲ. ಒಂದು ಮಿಲಿಮೀಟರ್ ಆಸುಪಾಸಿನ ದುಂಡನೆಯ ಕಾಳುಗಳು ಉರುಳುತ್ತವೆ. ಕಾಳಿನ ಒಳಗಿರುವುದು ಬರೀ ಸಕ್ಕರೆ. ಔಷಧಿ ಇರುವುದು ಅದರ ಮೇಲಿನ ತೆಳು ಲೇಪದಲ್ಲಿ, ಹೈಪ್ರೊಮೆಲೋಸ್ ಎಂಬ ಪಾಲಿಮರ್ ಜೊತೆ ಬೆರೆತು.

ಇಷ್ಟೆಲ್ಲ ಸರ್ಕಸ್ ಯಾಕೆ? ಇಟ್ರಾಕೊನಜೋಲ್‌ಗೆ ನೀರೆಂದರೆ ಆಗುವುದಿಲ್ಲ. ಜಠರದ ಆಮ್ಲದಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಕರಗುತ್ತದೆ. ಆಮ್ಲವಿಲ್ಲದ ನೀರಿನಲ್ಲಿ ಅದರ ಸಾವಿರದ ಒಂದು ಪಾಲೂ ಇಲ್ಲ. ಕರಗದ್ದು ರಕ್ತ ಸೇರುವುದಿಲ್ಲ, ಬಂದ ದಾರಿಯಲ್ಲೇ ಹೊರಹೋಗುತ್ತದೆ. ಹರಳಿನಲ್ಲಿ ಅಣುಗಳು ಒತ್ತೊತ್ತಾಗಿ ಸಾಲುಗಟ್ಟಿ ಕೂತಿರುತ್ತವೆ, ಆ ಸಾಲು ಒಡೆಯುವುದೇ ಕಷ್ಟ. ಆದ್ದರಿಂದ ಔಷಧಿಯನ್ನೂ ಪಾಲಿಮರನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ಸಿಂಪಡಿಸಿ, ದಿಢೀರನೆ ಒಣಗಿಸುತ್ತಾರೆ. ಇಲ್ಲವೇ ಎರಡನ್ನೂ ಕಾಯಿಸಿ ಒಟ್ಟಿಗೆ ಕರಗಿಸುತ್ತಾರೆ. ಅಣುಗಳಿಗೆ ಮತ್ತೆ ಸಾಲುಗಟ್ಟಲು ಪುರುಸೊತ್ತೇ ಸಿಗುವುದಿಲ್ಲ. ಅಮಾರ್ಫಸ್ ಸಾಲಿಡ್ ಡಿಸ್ಪರ್ಷನ್ ಎನ್ನುವುದು ಇದಕ್ಕೇ. ಜಾತ್ರೆಯ ಬಾಂಬೆ ಮಿಠಾಯಿ ಕೂಡ ಹೀಗೆ ಹರಳು ಕಳೆದುಕೊಂಡ ಸಕ್ಕರೆಯೇ: ಬಾಯಿಗಿಟ್ಟೊಡನೆ ಕರಗುತ್ತದೆ, ತೇವದ ಗಾಳಿ ಬಡಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಈ ಔಷಧಿಯ ಗುಣವೂ ದೋಷವೂ ಅದೇ. ಲೇಪ ಸರಿಯಾಗಿ ಕೂರದಿದ್ದರೆ, ಒಳಗೆ ತೇವ ಹೊಕ್ಕರೆ, ಅದು ಮತ್ತೆ ಹರಳುಗಟ್ಟುತ್ತದೆ. ಆಗಲೂ ಕ್ಯಾಪ್ಸೂಲಿನಲ್ಲಿ 100 ಮಿಲಿಗ್ರಾಂ ಇದ್ದೇ ಇರುತ್ತದೆ! ಲೇಬಲ್ ಸುಳ್ಳಲ್ಲ. ರೋಗಿಗೆ ದಕ್ಕಿದ್ದೆಷ್ಟು ಎನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ.

ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಬೇರೊಂದು ಪಾಲಿಮರಿನ ಇಟ್ರಾಕೊನಜೋಲ್ ಇದೆ. ಅದರ 65 ಮಿಲಿಗ್ರಾಂ ಹಳೆಯ 100 ಮಿಲಿಗ್ರಾಂನ ಕೆಲಸ ಮಾಡುತ್ತದೆ. ಒಂದರ ಬದಲು ಇನ್ನೊಂದು ಕೊಡಬಾರದೆಂದು ಅದರ ಲೇಬಲ್ಲೇ ಎಚ್ಚರಿಸುತ್ತದೆ. ನಮ್ಮ ಅಂಗಡಿಗಳಲ್ಲಿ? “ಕಂಪನಿ ಬೇರೆ ಅಷ್ಟೇ, ಒಳಗಿರೋದು ಒಂದೇ” ಎನ್ನುತ್ತಾ ಸ್ಟ್ರಿಪ್ ಬದಲಿಸಿ ಕೊಡುತ್ತೇವೆ.

ಹರಳಿನ ಆಟಕ್ಕೆ ದೊಡ್ಡ ಕಂಪನಿಯೂ ಸಿಕ್ಕಿಬಿದ್ದಿದೆ. ಅಬಾಟ್ ಕಂಪನಿ 1996ರಲ್ಲಿ ತಂದ ಎಚ್‌ಐವಿ ಔಷಧಿ ರಿಟೊನಾವಿರ್. 1998ರಲ್ಲಿ ಅದರ ಕ್ಯಾಪ್ಸೂಲಿನಲ್ಲಿ ಅದುವರೆಗೆ ಕಾಣದಿದ್ದ ಹೊಸ ಬಗೆಯ ಹರಳು ಹುಟ್ಟಿಕೊಂಡಿತು. ಅಣು ಅದೇ, ತೂಕ ಅದೇ, ಕರಗುವುದು ಮಾತ್ರ ತೀರ ಕಡಿಮೆ. ಕಳ್ಳನನ್ನು ಹಿಡಿದುಕೊಟ್ಟದ್ದು ಕರಗುವಿಕೆಯ ಪರೀಕ್ಷೆ. ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ಮುಂದೆ ಅದೇ ಕಂಪನಿ ಲೋಪಿನಾವಿರ್-ರಿಟೊನಾವಿರ್ ಜೋಡಿಯನ್ನು ಪಾಲಿಮರಿನೊಡನೆ ಕಾಯಿಸಿ ಬೆರೆಸಿ 2005ರಲ್ಲಿ ಮಾತ್ರೆಯಾಗಿ ತಂದಿತು. ಫ್ರಿಜ್ಜಿನಲ್ಲಿಡಬೇಕಿದ್ದ ದಿನಕ್ಕೆ 6 ಕ್ಯಾಪ್ಸೂಲಿನ ಜಾಗದಲ್ಲಿ, ಫ್ರಿಜ್ ಬೇಡದ 4 ಮಾತ್ರೆ. ಕರೆಂಟನ್ನು ನಂಬಿ ಬದುಕಲಾಗದ ಊರಿನ ರೋಗಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕೆ? ಈ ತಂತ್ರಜ್ಞಾನದ ಬಗ್ಗೆ ನಮ್ಮ ತಕರಾರಿಲ್ಲ. ಅದನ್ನು ಸರಿಯಾಗಿ ಮಾಡಿದವರನ್ನೂ ಮಾಡದವರನ್ನೂ ರೋಗಿ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿದೆಯಲ್ಲ, ತಕರಾರು ಅದಕ್ಕೆ.

2017ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಸುಲಭವಾಗಿ ಕರಗದ ವರ್ಗಗಳ ಔಷಧಿಗೆ ಪರವಾನಗಿ ಕೇಳುವವರು, ಅದು ಮೂಲ ಔಷಧಿಯಷ್ಟೇ ರಕ್ತಕ್ಕೆ ಸೇರುತ್ತದೆಂದು ಪರೀಕ್ಷೆ ಮಾಡಿ ತೋರಿಸಬೇಕು. ಒಳ್ಳೆಯ ನಿಯಮ. ಆದರೆ ಅದಕ್ಕೆ ಮೊದಲೇ ಪರವಾನಗಿ ಪಡೆದು ಕೂತವರಿಗೆ ಆ ಕಟ್ಟು ಬೀಳಲಿಲ್ಲ. ಹಳೆಯ ಪರವಾನಗಿಗಳಿಗೂ ಅದು ಅನ್ವಯವಾಗಲಿ, ಇಟ್ರಾಕೊನಜೋಲ್‌ನಿಂದಲೇ ಶುರುವಾಗಲಿ. ಅಲ್ಲಿಯವರೆಗೆ ಪ್ರತಿ ಬ್ಯಾಚಿನ ಕರಗುವಿಕೆಯ ಫಲಿತಾಂಶವನ್ನು ಕಂಪನಿಗಳು ಸಾರ್ವಜನಿಕವಾಗಿ ಪ್ರಕಟಿಸಲಿ. ಕೇಂದ್ರದ ಔಷಧ ನಿಯಂತ್ರಕರು ತಿಂಗಳು ತಿಂಗಳು ಫೇಲಾದ ಮಾದರಿಗಳ ಪಟ್ಟಿ ಹೊರಡಿಸುತ್ತಾರೆ ನಿಜ. ಪಾಸಾದದ್ದು ಎಷ್ಟರಲ್ಲಿ ಪಾಸಾಯಿತೆಂಬುದು ಅದರಲ್ಲಿ ಇರುವುದಿಲ್ಲ.

ಖರ್ಚು ಏರುತ್ತದೆ, ಸಣ್ಣ ಕಂಪನಿಗಳು ಮುಚ್ಚುತ್ತವೆ ಎನ್ನುವವರಿದ್ದಾರೆ. ಮನುಷ್ಯರ ಮೇಲಿನ ಪರೀಕ್ಷೆಗೆ ಖರ್ಚಿದೆ, ಅದಕ್ಕೆ ಕಾಲಾವಕಾಶ ಕೊಡೋಣ. ಕರಗುವಿಕೆಯ ಪರೀಕ್ಷೆಯ ಕಥೆ ಬೇರೆ. 37 ಡಿಗ್ರಿ ಬಿಸಿಯ ದ್ರಾವಣದಲ್ಲಿ ಕ್ಯಾಪ್ಸೂಲ್ ಹಾಕಿ ತಿರುಗಿಸಿ ಅಳೆಯುವ ಯಂತ್ರ ಮಾತ್ರೆ ತಯಾರಿಸುವವರ ಬಳಿ ಈಗಾಗಲೇ ಇದೆ, ಅಂಕಿಗಳೂ ಕಡತದಲ್ಲಿವೆ. ಪ್ರಕಟಿಸಲು ಏನು ಖರ್ಚು?

ಹುಳುಕಡ್ಡಿ ವಾಸಿಯಾಗದಿರಲು ಕ್ಯಾಪ್ಸೂಲೊಂದೇ ಕಾರಣವಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮು, ಅರ್ಧಕ್ಕೇ ಬಿಟ್ಟ ಚಿಕಿತ್ಸೆ, 2020ರಲ್ಲಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರು ಪಡೆದ ಮೊಂಡು ಶಿಲೀಂಧ್ರ, ಎಲ್ಲದರ ಪಾಲೂ ಇದೆ. ಆ ಶಿಲೀಂಧ್ರ ಹಲವೆಡೆ ಟರ್ಬಿನಾಫಿನ್ ಎಂಬ ಔಷಧಿಗೆ ಬಗ್ಗುತ್ತಿಲ್ಲ, ಆಗ ಡಾಕ್ಟರ ಕೈಯಲ್ಲಿ ಉಳಿಯುವುದು ಇಟ್ರಾಕೊನಜೋಲ್. ಅದೂ ಕರಗದಿದ್ದರೆ, ರೋಗವೇ ಬಗ್ಗಲಿಲ್ಲವೆಂದು ಡೋಸ್ ಏರಿಸುತ್ತಾರೆ.

ರೋಗಿಗಳೇ, ಹಳೆಯ ಬಗೆಯ ಈ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟವಾದ ಮೇಲೆಯೇ ನುಂಗಿ. ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಔಷಧಿ ಕರಗುವುದಿಲ್ಲ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಿಡಬೇಡಿ, ಚಿಕಿತ್ಸೆಯ ನಡುವೆ ಬ್ರ್ಯಾಂಡ್ ಬದಲಾದರೆ ಕೇಳದೆ ಬಿಡಬೇಡಿ.

ಈ ಕರಪತ್ರ ಓದಿದವರು ನಿಮ್ಮ ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗೆ ಒಂದು ಪತ್ರ ಬರೆಯಿರಿ. ಸ್ಟ್ರಿಪ್ಪಿನ ಮೇಲಿನ ಬ್ಯಾಚ್ ನಂಬರ್ ಕಾಣಿಸಿ, ಅದರ ಕರಗುವಿಕೆಯ ಫಲಿತಾಂಶ ಕೇಳಿ. ಇನ್ನೊಂದು ಪ್ರತಿಯನ್ನು ನಿಮ್ಮ ಮೆಡಿಕಲ್ ಶಾಪಿನವರಿಗೆ ಕೊಡಿ.