ಆಯಿಲ್ ಫಿಲ್ಟರಿನ ಆಯ್ಕೆ: ಉಳಿತಾಯ ಯಾರಿಗೆ, ನಷ್ಟ ಯಾರಿಗೆ?

ಕಾರಿನ ಎಂಜಿನ್ನಿಗೆ ಯಾವ ಆಯಿಲ್ ಫಿಲ್ಟರ್ ಹಾಕಿದರೇನು ಎಂಬ ಪ್ರಶ್ನೆ ಬಿಡಿಭಾಗಗಳ ಅಂಗಡಿಗಳಲ್ಲಿ ದಿನವೂ ಕೇಳಿಬರುವಂಥದು. ಅದಕ್ಕೆ ದೊರೆಯುವ ಉತ್ತರ ಮಾತ್ರ ಉತ್ತರ ಕೊಡುವವನ ವ್ಯಾಪಾರಕ್ಕೆ ತಕ್ಕಂತೆ ಬದಲಾಗುತ್ತದೆ. ಕಾರು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದವರಿಗೆ ತಮ್ಮ ಮುದ್ರೆಯ ಡಬ್ಬಿಯನ್ನು ಬಿಟ್ಟು ಉಳಿದದ್ದೆಲ್ಲವೂ ಅಪಾಯಕಾರಿ. ಬೀದಿಬದಿಯ ಗ್ಯಾರೇಜಿನವರ ಪೈಕಿ ಹಲವರಿಗೆ ಎಲ್ಲ ಫಿಲ್ಟರುಗಳೂ ಒಂದೇ, ಡಬ್ಬಿಯ ಬಣ್ಣವಷ್ಟೇ ಬೇರೆ. ಈ ಎರಡೂ ಮಾತುಗಳು ಅರ್ಧ ಮಾತ್ರ ನಿಜ. ವರ್ತಕರಿಗೂ ಸಣ್ಣ ತಯಾರಕರಿಗೂ ಸಂಬಂಧಿಸಿದ ವಿಷಯವಿರುವುದು ಉಳಿದ ಅರ್ಧದಲ್ಲಿ.

ಮೈಸೂರಿನ ಅಶೋಕಪುರಂ ಯಂತ್ರಗಳ ಒಡನಾಟ ಹಳೆಯದಾಗಿರುವ ಬಡಾವಣೆ. ಸಂಸ್ಥಾನದ ಕಾಲದಲ್ಲಿ, 1924ರಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರ ಇಲ್ಲಿನ ಅನೇಕ ಕುಟುಂಬಗಳಿಗೆ ತಲೆಮಾರುಗಳ ಕಾಲ ಅನ್ನ ನೀಡಿದೆ. ಪಕ್ಕದಲ್ಲೇ ಮಾನಂದವಾಡಿ ರಸ್ತೆ, ಅದರಾಚೆ ಇಂಡಸ್ಟ್ರಿಯಲ್ ಸಬರ್ಬ್. ಈ ಸುತ್ತಿನ ಗ್ಯಾರೇಜುಗಳಿಗೆ ಬರುವ ವಾಹನಗಳಲ್ಲಿ ದಸರೆಯ ದಿನಗಳಲ್ಲಿ ಬಿಡುವಿಲ್ಲದೆ ಓಡುವ ಟ್ಯಾಕ್ಸಿಗಳೂ ಇವೆ, ವಾರಕ್ಕೊಮ್ಮೆ ಚಾಮುಂಡಿಬೆಟ್ಟ ಹತ್ತಿ ಇಳಿಯುವುದರ ಹೊರತು ಮನೆಯ ಮುಂದೆಯೇ ನಿಂತಿರುವ ಕಾರುಗಳೂ ಇವೆ. ಟ್ಯಾಕ್ಸಿಯ ಮಾಲೀಕನಿಗೆ ಸರ್ವಿಸ್‌ಗೆ ಎಪ್ಪತ್ತು ಎಂಬತ್ತು ರೂಪಾಯಿ ಉಳಿದರೂ ಅದು ಲೆಕ್ಕವೇ. ಆದರೆ ಎಂಜಿನ್ ಬಿಚ್ಚುವ ಪ್ರಸಂಗ ಬಂದರೆ ಅವನು ಕಳೆದುಕೊಳ್ಳುವುದು ರಿಪೇರಿಯ ಹಣವನ್ನಷ್ಟೇ ಅಲ್ಲ, ಗಾಡಿ ನಿಂತ ಅಷ್ಟೂ ದಿನಗಳ ಸಂಪಾದನೆಯನ್ನು. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಕಾಲದ ಮೆಕ್ಯಾನಿಕ್‌ಗಳಲ್ಲಿ ಫಿಲ್ಟರಿನ ಬಗೆಗೆ ಅಷ್ಟೇನೂ ಆದರವಿಲ್ಲದಿದ್ದರೆ ಅದರಲ್ಲಿ ಸೋಜಿಗವಿಲ್ಲ. 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ಮೋಟಾರ್ ಸೈಕಲ್ಲುಗಳದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಸುಡುತ್ತಿದ್ದುದರಿಂದ ಅಲ್ಲಿ ಶೋಧಿಸಿ ಮತ್ತೆ ಬಳಸುವ ಮಾತೇ ಇರಲಿಲ್ಲ. ಕಾರಿನ ಸ್ಥಿತಿ ಬೇರೆ. ಮೂರೂವರೆ ನಾಲ್ಕು ಲೀಟರ್ ಆಯಿಲ್ ಸಾವಿರಾರು ಕಿಲೋಮೀಟರ್ ದೂರ ಅದೇ ಎಂಜಿನ್ನಿನೊಳಗೆ ಸುತ್ತುತ್ತಲೇ ಇರಬೇಕು. ಹಿಂದೆ ಐದು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸುತ್ತಿದ್ದ ಆಯಿಲನ್ನು ಇಂದು ಅನೇಕ ಕಾರುಗಳಲ್ಲಿ ಹತ್ತು ಸಾವಿರದವರೆಗೆ ಓಡಿಸಲು ಕಂಪನಿಗಳೇ ಹೇಳುತ್ತವೆ. ಅಂದರೆ ಫಿಲ್ಟರಿನ ದುಡಿಮೆ ಇಮ್ಮಡಿಯಾಗಿದೆ.

ಫಿಲ್ಟರ್ ತಡೆಯಬೇಕಾದ ಶತ್ರು ಕಣ್ಣಿಗೆ ಕಾಣುವಂಥದಲ್ಲ. ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಮೈಕ್ರಾನ್ ಎನ್ನುತ್ತಾರೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 40 ಮೈಕ್ರಾನಿಗಿಂತ ಸಣ್ಣ ಕಣ ಬರಿಗಣ್ಣಿಗೆ ಕಾಣದು. ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವೆ ಓಡುವಾಗ ಉಳಿಯುವ ಆಯಿಲ್ ಪದರವಾದರೋ ಕೆಲವೇ ಮೈಕ್ರಾನುಗಳದು. ಆ ಸಂದಿಗೆ ನುಗ್ಗಲಾರದ ದೊಡ್ಡ ಕಣಕ್ಕಿಂತ, ನುಗ್ಗಿ ಎರಡೂ ಕಡೆ ಉಜ್ಜುವ ಐದರಿಂದ ಇಪ್ಪತ್ತು ಮೈಕ್ರಾನಿನ ಕಣವೇ ಹೆಚ್ಚು ಹಾನಿ ಮಾಡುತ್ತದೆ. ಡಿಪ್‌ಸ್ಟಿಕ್ಕನ್ನು ಬೆರಳಲ್ಲಿ ಉಜ್ಜಿ ನೋಡಿ ಆಯಿಲ್ ಚೆನ್ನಾಗಿದೆ ಎಂದು ಹೇಳುವ ಪದ್ಧತಿಗೆ ಆಧಾರವಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲಿ ಎಂಜಿನ್ ಆಯಿಲಿನ ಮಾದರಿ ತೆಗೆದು, ಅದರಲ್ಲಿ ಸೇರಿರುವ ಲೋಹದ ಅಂಶವನ್ನು ಉಪಕರಣದಿಂದ ಅಳೆಯುವುದು ಈ ಕಾರಣಕ್ಕೇ.

ಫಿಲ್ಟರಿನ ಗುಣಕ್ಕೂ ಎಂಜಿನ್ನಿನ ಸವೆತಕ್ಕೂ ನೇರ ನಂಟಿದೆ ಎಂಬುದಕ್ಕೆ ಹೆಚ್ಚಾಗಿ ಉಲ್ಲೇಖವಾಗುವ ಪ್ರಯೋಗ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯದು. 1988ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, 40 ಮೈಕ್ರಾನ್ ಮಟ್ಟದ ಶೋಧನೆಗೆ ಹೋಲಿಸಿದರೆ 30 ಮೈಕ್ರಾನ್ ಮಟ್ಟದಲ್ಲಿ ಸವೆತ ಶೇ. 50ರಷ್ಟೂ 15 ಮೈಕ್ರಾನ್ ಮಟ್ಟದಲ್ಲಿ ಶೇ. 70ರಷ್ಟೂ ಕಡಿಮೆಯಾಯಿತು. ಜಾಹೀರಾತುಗಳು ಈ ಅಂಕಿಯನ್ನು ಎತ್ತಿ ತೋರಿಸುವಾಗ ಒಂದು ಮಾತನ್ನು ನುಂಗಿಬಿಡುತ್ತವೆ. ಫಲಿತಾಂಶ ಬೇಗ ಬರಲೆಂದು ಪ್ರಯೋಗದಲ್ಲಿ ಆಯಿಲಿಗೆ ಬೇಕೆಂದೇ ದೂಳು ಬೆರೆಸಲಾಗಿತ್ತು. ಆದ್ದರಿಂದ ಒಳ್ಳೆಯ ಫಿಲ್ಟರ್ ಹಾಕಿದ ಮಾತ್ರಕ್ಕೆ ಊರಿನ ಕಾರುಗಳ ಆಯಸ್ಸು ಇಮ್ಮಡಿಯಾಗುತ್ತದೆ ಎಂದು ಯಾರೂ ಭರವಸೆ ಕೊಡಲಾಗದು. ಶೋಧನೆ ಸೂಕ್ಷ್ಮವಾದಷ್ಟೂ ಸವೆತ ತಗ್ಗುತ್ತದೆ ಎಂಬ ದಿಕ್ಕು ಮಾತ್ರ ಸ್ಪಷ್ಟ.

ಇಲ್ಲಿಯೂ ಡಬ್ಬಿಯ ಮೇಲಿನ ಬರಹ ಗ್ರಾಹಕನ ಕಣ್ಣು ಕಟ್ಟಬಲ್ಲದು. ಕೇವಲ "20 ಮೈಕ್ರಾನ್ ಫಿಲ್ಟರ್" ಎಂದರೆ ಅರ್ಥವಾಗುವುದು ಏನೂ ಇಲ್ಲ. ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ ಎಂಬುದನ್ನೂ ಹೇಳಬೇಕು. ಐವತ್ತನ್ನು ಹಿಡಿಯುವುದೂ ತೊಂಬತ್ತೊಂಬತ್ತನ್ನು ಹಿಡಿಯುವುದೂ ಒಂದೇ ಸಂಖ್ಯೆಯ ಮರೆಯಲ್ಲಿ ಮಾರಾಟವಾಗಬಹುದು. ಇದನ್ನು ಅಳೆಯಲು ಐಎಸ್ಒ 4548 ಮಾನದಂಡದ 12ನೆಯ ಭಾಗವಿದೆ. ಅದರ ಹೆಸರು ಹೇಳಿ ಶೇಕಡಾವಾರು ಅಂಕಿ ಕೊಡುವ ತಯಾರಕನ ಮಾತನ್ನು ನಂಬಬಹುದು.

ಕಾಗದಕ್ಕಿಂತಲೂ ಹೆಚ್ಚು ವಂಚನೆ ನಡೆಯುವುದು ಡಬ್ಬಿಯ ಒಳಗಿನ ಎರಡು ಕವಾಟಗಳಲ್ಲಿ. ಮೊದಲನೆಯದು ಬೈಪಾಸ್ ವಾಲ್ವ್. ಮುಂಜಾನೆಯ ಚಳಿಗೆ ಆಯಿಲ್ ಗಟ್ಟಿಯಾಗಿದ್ದಾಗ ಅಥವಾ ಕಾಗದ ಕಟ್ಟಿಕೊಂಡಾಗ, ಎಂಜಿನ್ ಒಣಗದಿರಲೆಂದು ಇದು ತೆರೆದುಕೊಂಡು ಶೋಧಿಸದ ಆಯಿಲನ್ನೇ ಮುಂದೆ ಬಿಡುತ್ತದೆ. ಕೊಳೆಯಾದ ಆಯಿಲಾದರೂ ಇರುವುದು ಏನೂ ಇಲ್ಲದಿರುವುದಕ್ಕಿಂತ ಮೇಲು ಎಂಬುದು ಇದರ ತತ್ತ್ವ. ಸ್ಪ್ರಿಂಗ್ ಸಡಿಲವಾಗಿದ್ದರೆ ಕವಾಟ ಅಗತ್ಯವಿಲ್ಲದಾಗಲೂ ತೆರೆದೇ ಇರುತ್ತದೆ. ಆಗ ಒಳಗಿನ ಕಾಗದ ಎಷ್ಟೇ ಉತ್ತಮವಾಗಿದ್ದರೂ ಆಯಿಲ್ ಅದರ ಪಕ್ಕದಿಂದ ನುಸುಳಿ ಹೋಗುತ್ತದೆ. ಡ್ಯಾಶ್‌ಬೋರ್ಡಿನ ದೀಪ ಹತ್ತುವುದಿಲ್ಲ, ಸದ್ದು ಬರುವುದಿಲ್ಲ, ಚಾಲಕನಿಗೆ ಸುಳಿವೇ ಸಿಗುವುದಿಲ್ಲ. ಕವಾಟ ಬಿಗಿದುಕೊಂಡಿದ್ದರೆ ಇನ್ನೊಂದು ಅನಾಹುತ: ಕಟ್ಟಿದ ಕಾಗದ ಒತ್ತಡ ತಾಳದೆ ಹರಿದು, ಅದುವರೆಗೆ ಹಿಡಿದಿಟ್ಟಿದ್ದ ಕಸವೆಲ್ಲ ಒಮ್ಮೆಲೇ ಬೇರಿಂಗುಗಳತ್ತ ಹೊರಡುತ್ತದೆ.

ಎರಡನೆಯದು ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರಿನ ಕವಾಟ. ಫಿಲ್ಟರ್ ಅಡ್ಡವಾಗಿ ಅಥವಾ ತಲೆಕೆಳಗಾಗಿ ಕೂರುವ ಎಂಜಿನ್ನುಗಳಲ್ಲಿ ಇದರ ಮಹತ್ವ ಹೆಚ್ಚು. ಕಳಪೆ ರಬ್ಬರ್ ಬಿಸಿಗೆ ಗಟ್ಟಿಯಾಗಿ ಬಾಗುವ ಗುಣ ಕಳೆದುಕೊಂಡರೆ ರಾತ್ರಿಯೆಲ್ಲ ಆಯಿಲ್ ಇಳಿದುಹೋಗಿ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಕೆಲವು ಕ್ಷಣ ಎಂಜಿನ್ ಕಟಕಟ ಎನ್ನುತ್ತದೆ. ಆ ಸದ್ದನ್ನು ಕೇಳಿ ಟ್ಯಾಪೆಟ್ ಸರಿಮಾಡಿಸಲು ಹಣ ಸುರಿದವರು ಎಷ್ಟೋ ಜನ. ಸಿಲಿಕೋನ್ ರಬ್ಬರ್ ಶಾಖಕ್ಕೆ ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ತುಸು ಹೆಚ್ಚು.

ಇನ್ನು ಮರೆಯ ಅನುಭವ ಮರೆಯ ಗಾತ್ರಕ್ಕೆ ಸಂಬಂಧಿಸಿದ್ದು. ಮರೆ ಎಂದರೆ ಫಿಲ್ಟರನ್ನು ತಿರುಗಿಸಿ ಕೂರಿಸುವ ಥ್ರೆಡ್. ಕಾರುಗಳಲ್ಲಿ ಬಳಕೆಯಲ್ಲಿರುವ ಎರಡು ಥ್ರೆಡ್‌ಗಳು, ಒಂದು 20 ಮಿಲಿಮೀಟರಿನದು, ಇನ್ನೊಂದು ಮುಕ್ಕಾಲು ಇಂಚಿನದು, ಅಂದರೆ 19.05 ಮಿಲಿಮೀಟರ್. ಮುಕ್ಕಾಲು ಇಂಚಿನ ಸ್ಟಡ್ಡಿಗೆ 20 ಮಿಲಿಮೀಟರಿನ ಫಿಲ್ಟರ್ ಹತ್ತಿಬಿಡುತ್ತದೆ, ಕೈಗೆ ಬಿಗಿದಂತೆಯೂ ತೋರುತ್ತದೆ, ಆದರೆ ಹಲ್ಲುಗಳು ಕಚ್ಚಿರುವುದು ಅಂಚಿನಲ್ಲಷ್ಟೇ. ಹೆದ್ದಾರಿಯ ವೇಗದಲ್ಲಿ ಆಯಿಲ್ ಒತ್ತಡ ಏರಿದಾಗ ಅದು ಕಳಚಿಬಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ. ಪಾರ್ಟ್ ನಂಬರ್ ನೋಡದೆ "ಇದೂ ಕೂರುತ್ತೆ" ಎಂದು ಕೊಡುವ ಮಾರಾಟಗಾರ ಕಳಪೆ ಮಾಲು ಮಾರುವವನಿಗಿಂತ ಕಡಿಮೆ ಅಪಾಯಕಾರಿಯಲ್ಲ. ಅದೇ ರೀತಿ, ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡಿರುವುದನ್ನು ಗಮನಿಸದೆ ಹೊಸದನ್ನು ಅದರ ಮೇಲೆಯೇ ಕೂರಿಸಿ, ಆಯಿಲ್ ಸೋರಿದಾಗ ಫಿಲ್ಟರ್ ಕಂಪನಿಯನ್ನು ಬೈಯುವುದೂ ಉಂಟು. ಬಳೆಗೆ ಒಂದಿಷ್ಟು ಹೊಸ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದ ಸುಮಾರು ಮುಕ್ಕಾಲು ಸುತ್ತು ಬಿಗಿದರೆ ಸಾಕು. ಎಷ್ಟು ಸುತ್ತು ಎಂಬುದು ಅನೇಕ ಫಿಲ್ಟರುಗಳ ಮೈಮೇಲೆಯೇ ಅಚ್ಚಾಗಿರುತ್ತದೆ.

ಹಾಗಾದರೆ ಕಾರು ಕಂಪನಿಯ ಮುದ್ರೆಯ ಮಾಲನ್ನೇ ಕೊಳ್ಳಬೇಕೆ? ಬೇಕಿಲ್ಲ. ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಫಿಲ್ಟರ್ ತಯಾರಕರಿಂದ ಮಾಡಿಸಿಕೊಳ್ಳುತ್ತವೆ. ಅಂಥ ತಯಾರಕರು ತಮ್ಮದೇ ಹೆಸರಿನಲ್ಲಿ ಅದೇ ಕಾರಿಗೆಂದು ಮಾರುವ ಫಿಲ್ಟರಿಗೂ ಮುದ್ರೆಯ ಫಿಲ್ಟರಿಗೂ ಇರುವ ವ್ಯತ್ಯಾಸ ನಿಗದಿತ ಸಮಯಕ್ಕೆ ಆಯಿಲ್ ಬದಲಿಸುವವನ ಅನುಭವಕ್ಕೆ ಬರುವಂಥದಲ್ಲ. ಬಿಡಿಭಾಗಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದೆಂದೂ ಹೇಳಿತು. ದಂಡದ ವಿಷಯ ಅನಂತರ ಮೇಲ್ಮನವಿಗಳ ಹಾದಿ ಹಿಡಿಯಿತಾದರೂ, ಸ್ವತಂತ್ರ ವರ್ತಕರ ಪರವಾಗಿ ಅಷ್ಟು ಗಟ್ಟಿಯಾದ ಮಾತು ಅಲ್ಲಿಯವರೆಗೆ ಬಂದಿರಲಿಲ್ಲ. ಕಳಪೆ ಫಿಲ್ಟರಿನಿಂದಲೇ ಎಂಜಿನ್ ಕೆಟ್ಟಿತೆಂದು ತೋರಿದರೆ ವಾರಂಟಿ ನಿಲ್ಲದು ಎಂಬುದನ್ನೂ ಗ್ರಾಹಕನಿಗೆ ತಿಳಿಸುವುದು ನ್ಯಾಯ.

ತೆರೆದ ಈ ಬಾಗಿಲಿನಿಂದ ಒಳಬರುತ್ತಿರುವವರಲ್ಲಿ ನಕಲಿ ತಯಾರಕರೂ ಇದ್ದಾರೆಂಬುದೇ ಚಿಂತೆಯ ವಿಷಯ. ಹೆಸರಾಂತ ಕಂಪನಿಯ ಖಾಲಿ ಪೆಟ್ಟಿಗೆ ಗ್ಯಾರೇಜಿನ ಕಸದಿಂದ ಹೊರಟು, ಒಳಗೆ ಬೇರೆ ಮಾಲು ತುಂಬಿಕೊಂಡು ಅದೇ ಮಾರುಕಟ್ಟೆಗೆ ಮರಳುವ ವ್ಯವಹಾರ ಬಲ್ಲವರಿಗೆ ಹೊಸದಲ್ಲ. ಪೆಟ್ಟಿಗೆಯನ್ನು ಹರಿದು ಬಿಸಾಡುವ ರೂಢಿಯೊಂದೇ ಇದನ್ನು ಬಹುಮಟ್ಟಿಗೆ ತಡೆಯಬಲ್ಲದು. 1999ರ ವ್ಯಾಪಾರ ಮುದ್ರೆಗಳ ಕಾಯಿದೆಯಡಿ ಸುಳ್ಳು ಮುದ್ರೆಯ ಮಾಲು ಮಾರುವವನಿಗೂ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಉಂಟು.

ಹೆಸರೇ ಇಲ್ಲದ ಮಾಲಿನ ಅಪಾಯ ಇನ್ನೊಂದು ಬಗೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 86ನೆಯ ಕಲಮಿನ ಪ್ರಕಾರ, ತಯಾರಕ ಯಾರೆಂದು ತಿಳಿಯದಿದ್ದರೆ ದೋಷದಿಂದಾದ ಹಾನಿಗೆ ಮಾರಿದವನನ್ನೇ ಹೊಣೆ ಮಾಡಬಹುದು. ಜೀವನೋಪಾಯಕ್ಕಾಗಿ ಸ್ವಂತ ದುಡಿಮೆಯಿಂದ ಟ್ಯಾಕ್ಸಿ ಓಡಿಸುವವನೂ ಈ ಕಾಯಿದೆಯ ಕಣ್ಣಿನಲ್ಲಿ ಗ್ರಾಹಕನೇ. ಒಂದು ಡಬ್ಬಿಯ ಮೇಲೆ ಮೂವತ್ತು ರೂಪಾಯಿ ಹೆಚ್ಚು ಲಾಭವೆಂದು ವಿಳಾಸವಿಲ್ಲದ ಸರಕನ್ನು ಬಿಲ್ಲಿಲ್ಲದೆ ತುಂಬಿಸಿಕೊಳ್ಳುವ ಅಂಗಡಿಯಾತ, ಅರಿವಿಲ್ಲದೆಯೇ ತಯಾರಕನ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಇಂಥ ವ್ಯಾಪಾರವನ್ನು ಜಾಣತನವೆನ್ನಲು ಸಾಧ್ಯವಿಲ್ಲ.

ಸಣ್ಣ ತಯಾರಕರಿಗೆ ಇದರಲ್ಲಿ ಅವಕಾಶವೂ ಇದೆ. ಡಬ್ಬಿಯ ತಗಡು ಒತ್ತುವುದು, ಥ್ರೆಡ್ ಕೊರೆಯುವುದು, ಸ್ಪ್ರಿಂಗ್, ರಬ್ಬರ್ ಬಳೆ ಇವೆಲ್ಲ ಮೈಸೂರಿನ ಸಣ್ಣ ಘಟಕಗಳ ಕೈಗೆ ನಿಲುಕದ ಕೆಲಸಗಳಲ್ಲ. ಎಲೆಕ್ಟ್ರಿಕ್ ಕಾರು ಬಂದರೆ ಈ ವ್ಯಾಪಾರವೇ ಮುಗಿಯಿತೆಂಬ ಭಯ ಅವಸರದ್ದು. ಈಗಾಗಲೇ ರಸ್ತೆಗಿಳಿದಿರುವ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಇನ್ನೂ ಹಲವು ವರ್ಷ ಫಿಲ್ಟರ್ ಬೇಕು. ಕಷ್ಟವಿರುವುದು ಕಾಗದದಲ್ಲಿ ಮತ್ತು ಪರೀಕ್ಷೆಯಲ್ಲಿ. ರಾಳದಲ್ಲಿ ಅದ್ದಿದ ಶೋಧಕ ಕಾಗದವನ್ನು ಒಲೆಯಲ್ಲಿ ಹದವಾಗಿ ಕಾಯಿಸದಿದ್ದರೆ ಬಿಸಿ ಆಯಿಲಿನಲ್ಲಿ ಅದು ಮೆತ್ತಗಾಗುತ್ತದೆ. ಮಡಿಕೆಗಳನ್ನು ಕಡಿಮೆ ಮಾಡಿ ಕಾಗದ ಉಳಿಸುವ ಆಸೆಯೂ ಇಲ್ಲೇ ಹುಟ್ಟುವುದು. ಶೋಧನಾ ಸಾಮರ್ಥ್ಯ ಅಳೆಯುವ ಪೂರ್ಣ ಯಂತ್ರ ಒಂದು ಸಣ್ಣ ಘಟಕಕ್ಕೆ ಹೊರಲಾರದ ಖರ್ಚು. ಆದರೆ ಬೈಪಾಸ್ ಕವಾಟ ಎಷ್ಟು ಒತ್ತಡಕ್ಕೆ ತೆರೆಯುತ್ತದೆ, ಡಬ್ಬಿ ಎಷ್ಟಕ್ಕೆ ಒಡೆಯುತ್ತದೆ, ಹಿಂದಿಳಿತ ತಡೆಯುವ ಕವಾಟ ಸೋರುತ್ತದೆಯೇ ಎಂಬುದನ್ನು ನೋಡಲು ಒಂದು ಪಂಪು, ಒಂದು ಒತ್ತಡಮಾಪಕ, ಬಿಸಿ ಆಯಿಲಿನ ತೊಟ್ಟಿ ಇದ್ದರೆ ಬಹುಪಾಲು ಸಾಕು. ಹತ್ತು ಹನ್ನೆರಡು ಘಟಕಗಳೂ ಅಂಗಡಿಗಳೂ ಸೇರಿ ಇಂಡಸ್ಟ್ರಿಯಲ್ ಸಬರ್ಬ್‌ನಲ್ಲೊಂದು ಇಂಥ ಮೇಜನ್ನು ನಿಲ್ಲಿಸಿದರೆ, ಹೊಸ ಸರಕು ಬಂದಾಗ ಪ್ರತಿ ಲಾಟಿನಿಂದ ಎರಡು ಡಬ್ಬಿ ತೆಗೆದು ನೋಡುವುದು ಕಷ್ಟವಾಗದು.

ಅಲ್ಲಿಯವರೆಗೆ ಗ್ಯಾರೇಜಿನವರು ಮಾಡಬಹುದಾದ ಕೆಲಸವೊಂದಿದೆ. ಬಿಚ್ಚಿದ ಹಳೆಯ ಫಿಲ್ಟರನ್ನು ಗುಜರಿಗೆ ಹಾಕುವ ಮುನ್ನ ಕತ್ತರಿಸಿ ನೋಡುವುದು. ಗರಗಸದಿಂದ ಕೊಯ್ದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ; ಪೈಪು ಕತ್ತರಿಸುವ ಬಗೆಯ ಚಕ್ರದ ಕಟರ್ ಬೇಕು. ಮಡಿಕೆಗಳು ಕುಸಿದಿವೆಯೇ, ಅಂಟು ಬಿಟ್ಟಿದೆಯೇ, ರಬ್ಬರ್ ಬಾಗುತ್ತದೆಯೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಮಡಿಕೆಗಳ ನಡುವೆ ಲೋಹದ ಹೊಳಪು ಕಂಡರೆ ಅದು ಫಿಲ್ಟರಿನ ದೂರಲ್ಲ, ಎಂಜಿನ್ನಿನದು. ಕಾರಿನ ಮಾಲೀಕನನ್ನು ಅಲ್ಲಿಗೇ ಕರೆದು ತೋರಿಸುವುದು ಒಳ್ಳೆಯದು.